ಕೆರೆ ಏರಿಯ ಸುರಕ್ಷತೆ: ಸೆನ್ಸರ್ ಹೇಳುವುದೇನು, ರೈತರು ಅಳೆಯಬಹುದಾದುದೇನು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಪಾರ ನೀರನ್ನು ಎರಡು ಗುಡ್ಡಗಳ ನಡುವಿನ ಒಂದು ಏರಿ ಶತಮಾನಗಳಿಂದ ತಡೆದು ನಿಲ್ಲಿಸಿದೆ. ಹೊನ್ನಾಳಿ, ನ್ಯಾಮತಿ ಭಾಗದ ರೈತರು ತುಂಗಾ ಮೇಲ್ದಂಡೆ ನಾಲೆಯನ್ನು ಬಲ್ಲರು. ಜಗಳೂರಿನಲ್ಲಿ ತುಂಗಭದ್ರಾ ನದಿಯ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಯಿದೆ. ಎಲ್ಲೆಡೆಯೂ ಬೆಳೆಯ ಭವಿಷ್ಯ ನಿಂತಿರುವುದು ಏರಿ, ತೂಬು ಮತ್ತು ಗೇಟುಗಳ ಮೇಲೆ. ಇವುಗಳ ಒಳಗಿನ ದೌರ್ಬಲ್ಯ ಮಾತ್ರ ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಆಗ ಬಹುತೇಕ ತುಂಬಿತ್ತು. ತಾತ್ಕಾಲಿಕ ಗೇಟನ್ನು ಕೂರಿಸುವಷ್ಟರಲ್ಲಿ ಅಪಾರ ನೀರು ನದಿಗೆ ಹರಿದುಹೋಗಿತ್ತು. ಸರಪಳಿಯ ಮೇಲಿನ ಎಳೆತ, ಗೇಟಿನ ಕಂಪನ, ಏರಿಯೊಳಗಿನ ನೀರಿನ ಒತ್ತಡ ಇವುಗಳನ್ನು ಎಡೆಬಿಡದೆ ಅಳೆಯುವುದೇ ಸೆನ್ಸರುಗಳ ಕೆಲಸ.

ಏರಿಗೆ ಸಂಬಂಧಿಸಿದಂತೆ ಮುಖ್ಯವಾದುದು ಪೀಜೋಮೀಟರ್. ಏರಿಯಲ್ಲಿ ರಂಧ್ರ ಕೊರೆದು ಇದನ್ನು ಇಳಿಸುತ್ತಾರೆ. ಒಂದು ಬಗೆಯ ಪೀಜೋಮೀಟರಿನೊಳಗೆ ಬಿಗಿದ ಉಕ್ಕಿನ ತಂತಿಯಿರುತ್ತದೆ. ಮಣ್ಣಿನೊಳಗಿನ ನೀರಿನ ಒತ್ತಡ ಬದಲಾದಂತೆ ತಂತಿಯ ಬಿಗಿತ ಬದಲಾಗಿ, ವೀಣೆಯ ತಂತಿಯ ಶ್ರುತಿ ಏರಿಳಿಯುವಂತೆ ಅದರ ಕಂಪನವೂ ಬದಲಾಗುತ್ತದೆ. ಆ ಕಂಪನದಿಂದ ಒತ್ತಡವನ್ನು ಲೆಕ್ಕಹಾಕಲಾಗುತ್ತದೆ. ಇಲ್ಲಿ ಒಂದು ದಿನದ ಅಂಕಿಗೆ ಹೆಚ್ಚಿನ ಅರ್ಥವಿಲ್ಲ. ಕೆರೆಯ ಮಟ್ಟ ಏರದಿದ್ದರೂ ಒಳಗಿನ ಒತ್ತಡ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ನಿರ್ದಿಷ್ಟ ಅಣೆಕಟ್ಟುಗಳಲ್ಲಿ ಮಾಪನ ಉಪಕರಣಗಳನ್ನು ಕಡ್ಡಾಯಗೊಳಿಸಿದೆ. 15 ಮೀಟರಿಗಿಂತ ಎತ್ತರದವು ಹಾಗೂ ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರಿನವು ಇದರ ವ್ಯಾಪ್ತಿಗೆ ಬರುತ್ತವೆ. ಹೆಚ್ಚಿನ ಊರ ಕೆರೆಗಳು ಅಷ್ಟು ಎತ್ತರವಿಲ್ಲ. ಆದರೆ ಸೆನ್ಸರಿನ ಮೂಲತತ್ತ್ವವಾದ ನಿತ್ಯ ಅಳತೆ ಮತ್ತು ದಾಖಲೆಗೆ ದುಬಾರಿ ಉಪಕರಣವೇ ಬೇಕೆಂದಿಲ್ಲ.

ಏರಿಯ ಬುಡದಲ್ಲಿ ಒಸರುವ ನೀರನ್ನು ಒಂದು ಕಾಲುವೆಗೆ ಕೂಡಿಸಿ, ಅದಕ್ಕೆ ಅಡ್ಡಲಾಗಿ 90 ಡಿಗ್ರಿಯ ‘ವಿ’ ಆಕಾರದ ಕಚ್ಚುಳ್ಳ ತಗಡನ್ನು ನಿಲ್ಲಿಸಿರಿ. ತಗಡಿನಿಂದ ತುಸು ಹಿಂದೆ, ಕಚ್ಚಿನ ತುದಿಯ ಮಟ್ಟದಿಂದ ನೀರು 5 ಸೆಂ.ಮೀ. ಎತ್ತರವಿದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್ ಹರಿಯುತ್ತಿದೆ ಎಂದರ್ಥ. 10 ಸೆಂ.ಮೀ. ಆದರೆ ಅದು ಸುಮಾರು 4.4 ಲೀಟರ್. ಎತ್ತರ ಇಮ್ಮಡಿಯಾದರೆ ಹರಿವು ಐದು ಪಟ್ಟಿಗೂ ಮಿಗಿಲು! ಕಣ್ಣಂದಾಜು ಮೋಸ ಮಾಡುವುದು ಇಲ್ಲಿಯೇ. ನೀರಗಂಟಿ ಅಥವಾ ಬಳಕೆದಾರರ ಸಂಘದ ಒಬ್ಬರು ಕೆರೆಯ ಮಟ್ಟ, ಒಸರಿನ ಎತ್ತರ ಮತ್ತು ನೀರಿನ ಬಣ್ಣವನ್ನು ಪ್ರತಿದಿನ ಒಂದೇ ಹೊತ್ತಿಗೆ ಬರೆದಿಡಬೇಕು. ವಿಸ್ತರಣಾ ಕಾರ್ಯಕರ್ತರು ಈ ಪುಸ್ತಕವನ್ನು ಮೊದಲು ಜಗಳೂರಿನಂತಹ ಕಡೆ ಆರಂಭಿಸುವುದು ಸೂಕ್ತ. ಬಹುಕಾಲ ಒಣಗಿದ್ದ ಏರಿಯಲ್ಲಿ ಬಿರುಕು, ಇಲಿ ಬಿಲ, ಸತ್ತ ಬೇರುಗಳ ಪೊಳ್ಳು ಇರುತ್ತವೆ. ಮತ್ತೆ ನೀರು ತುಂಬುವ ಮೊದಲ ದಿನಗಳೇ ಅದಕ್ಕೆ ಕಠಿಣ ಪರೀಕ್ಷೆ.

ಪಂಪ್‌ಸೆಟ್ ಪೈಪುಗಳ ಮಾತನ್ನೂ ಇಲ್ಲಿ ಆಡಲೇಬೇಕು. ಅಡಿಕೆ ತೋಟಕ್ಕೆಂದು ಏರಿ ಅಥವಾ ನಾಲೆಯ ದಂಡೆಯನ್ನು ಅಗೆದು ಪೈಪು ಹೂಳಿದರೆ, ಪೈಪಿನ ಹೊರಮೈಗುಂಟ ನೀರು ದಾರಿ ಮಾಡಿಕೊಂಡು ಮಣ್ಣನ್ನು ಕೊರೆಯುತ್ತದೆ. ಒಂದು ತೋಟದ ಅನುಕೂಲಕ್ಕೆ ಇಡೀ ಅಚ್ಚುಕಟ್ಟು ಬೆಲೆ ತೆರಬೇಕಾದೀತು.

ತಿಳಿಯಾದ ಒಸರು ಸ್ಥಿರವಾಗಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಕೆಂಪು ಅಥವಾ ಕಪ್ಪು ರಾಡಿ ಬಂದರೆ ಏರಿಯ ಮಣ್ಣೇ ಹೊರಬರುತ್ತಿದೆ ಎಂದು ತಿಳಿದು, ಆ ಕ್ಷಣವೇ ಸಂಬಂಧಿಸಿದ ಎಂಜಿನಿಯರಿಗೆ ತಿಳಿಸಿ, ಏರಿಯ ಕೆಳಗಿನವರನ್ನು ದೂರ ಕಳುಹಿಸಿರಿ. ಅವರ ಸೂಚನೆಯಂತೆ ತೂಬು ತೆರೆದು ಮಟ್ಟ ಇಳಿಸಬೇಕಾಗಬಹುದು. ಒಸರುವ ಬಾಯಿಗೆ ಜೇಡಿಮಣ್ಣು ಜಡಿಯಬಾರದು. ಹಾಗೆ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ನೀರು ಬೇರೆಡೆ ಒಡೆದುಕೊಳ್ಳುತ್ತದೆ. ಎಂಜಿನಿಯರರ ಮಾರ್ಗದರ್ಶನದಲ್ಲಿ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ದೊಡ್ಡ ಜಲ್ಲಿ ಹರಡಿದರೆ ನೀರು ಹೊರಬಂದರೂ ಮಣ್ಣು ಒಳಗೇ ಉಳಿಯುತ್ತದೆ.