ಪಾಚಿಗೂ ಒಂದು ಹೆಸರಿದೆ

‘ಬಿಎಸ್ಸಿ ಓದಿ ಪಾಚಿ ಬೆಳೆಸ್ತಾ ಕೂತಿದ್ದೀಯಲ್ಲೋ!’

ಅಮ್ಮನ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಡಿಗ್ರಿ ಮುಗಿದು ವರ್ಷವಾಗಿತ್ತು. ಬರೆದಿದ್ದ ಎರಡು ಪರೀಕ್ಷೆಗಳ ಫಲಿತಾಂಶ ಬಂದಿರಲಿಲ್ಲ. ಶಿವಮೊಗ್ಗದ ನಮ್ಮ ಮನೆಯ ಹಾಲ್‌ನಲ್ಲಿದ್ದ ಎರಡಡಿ ಉದ್ದದ ಗಾಜಿನ ತೊಟ್ಟಿಯೇ ಆಗ ನನ್ನ ಉದ್ಯೋಗ.

ಶುರುವಾಗಿದ್ದು ಗಪ್ಪಿ ಮೀನಿನ ಮರಿಗಳಿಂದ. ದೊಡ್ಡ ಮೀನುಗಳು ಮರಿಗಳನ್ನು ತಿಂದುಬಿಡುತ್ತಿದ್ದವು. ಅಡಗಿಕೊಳ್ಳಲು ಮಾಸ್ ಹಾಕು ಎಂದ ಗೆಳೆಯ. ದುಡ್ಡು ಉಳಿಸಲು ಕಾಂಪೌಂಡ್ ಗೋಡೆಯ ಹಾವಸೆಯನ್ನೇ ಕಿತ್ತು ಹಾಕಿದೆ. ಎರಡೇ ವಾರಕ್ಕೆ ಅದು ಕೊಳೆತು ನೀರು ನಾರತೊಡಗಿತು. ಆಮೇಲೆ ಅಂಗಡಿಯಿಂದ ಒಂದು ಹಿಡಿ ಜಾವಾ ಮಾಸ್ ತಂದೆ.

ಬೆಳೆಸುವುದು ಕಷ್ಟವಲ್ಲ. ಮಾಸ್‌ಗೆ ನಿಜವಾದ ಬೇರಿಲ್ಲ, ಆದ್ದರಿಂದ ಮಣ್ಣು ಬೇಡ. ಕಲ್ಲಿನ ಮೇಲೋ ಮರದ ತುಂಡಿನ ಮೇಲೋ ತೆಳ್ಳಗೆ ಹರಡಿ ಹತ್ತಿ ದಾರದಿಂದ ಸುತ್ತಿದರೆ ಸಾಕು. ದಪ್ಪಗೆ ಕಟ್ಟಿದರೆ ಬೆಳಕು ತಾಗದೆ ಅಡಿಯ ಭಾಗ ಕಂದುಗಟ್ಟುತ್ತದೆ. ದಿನಕ್ಕೆ 6ರಿಂದ 8 ಗಂಟೆ ಸಾಧಾರಣ ಬೆಳಕು ಕೊಡುತ್ತೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ಬೆಳಕು ಹೆಚ್ಚಾದರೆ ನಿಜವಾದ ಪಾಚಿ ಎಳೆಎಳೆಯಾಗಿ ಸುತ್ತಿಕೊಳ್ಳುತ್ತದೆ. ನಾವು ಎರಡನ್ನೂ ಪಾಚಿ ಎನ್ನುತ್ತೇವೆ. ಆದರೆ ಮಾಸ್‌ಗೆ ಕಾಂಡವಿದೆ, ಪುಟ್ಟ ಎಲೆಗಳಿವೆ. ಆ ಜಾರುವ ಎಳೆಗೆ ಎರಡೂ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಅದನ್ನು ಎಳೆದು ತೆಗೆಯಬೇಕು. ಮಾಸ್ ಕತ್ತರಿಸಿದಾಗ ಬಿದ್ದ ಚೂರುಗಳನ್ನು ಮಾತ್ರ ಎಸೆಯಬೇಡಿ, ಅವೂ ಚಿಗುರುತ್ತವೆ.

ಆರು ತಿಂಗಳಲ್ಲಿ ತೊಟ್ಟಿ ತುಂಬಿತು. ಚಿಕ್ಕ ಡಬ್ಬಿಗೆ 80 ರೂಪಾಯಿಯಂತೆ ಮಾರತೊಡಗಿದೆ. ನಂತರ ಒಬ್ಬರಿಂದ ಕ್ರಿಸ್‌ಮಸ್ ಮಾಸ್ ಕೊಂಡು, ಅದನ್ನೂ ಬೆಳೆಸಿ, ಡಬ್ಬಿಗೆ 200ರಂತೆ 11 ಡಬ್ಬಿ ಮಾರಿದೆ. ಮುಂದಿನ ಪರೀಕ್ಷೆಗೆ ಅರ್ಜಿ ಶುಲ್ಕ, ಪುಸ್ತಕದ ಖರ್ಚು ಹೊರಟಿತು ಎಂದು ಖುಷಿಯಲ್ಲಿದ್ದೆ.

ಎರಡು ತಿಂಗಳ ನಂತರ ಭದ್ರಾವತಿಯ ಹುಡುಗನೊಬ್ಬ ಫೋನ್ ಮಾಡಿದ. ‘ಅಣ್ಣಾ, ನೀವು ಕೊಟ್ಟಿದ್ದು ಕ್ರಿಸ್‌ಮಸ್ ಅಲ್ಲ, ಜಾವಾ ಥರ ಇದೆ.’

‘ಬೆಳಕು ಸಾಕಾಗಿಲ್ಲ ಅನ್ಸುತ್ತೆ’ ಎಂದು ಜಾರಿಕೊಂಡೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಟಾರ್ಚ್ ಹಿಡಿದು ತೊಟ್ಟಿಯ ಮುಂದೆ ಕೂತೆ. ಕ್ರಿಸ್‌ಮಸ್ ಮಾಸ್‌ನ ಅಡ್ಡ ಕವಲುಗಳು ಬುಡದಲ್ಲಿ ಉದ್ದ, ತುದಿಗೆ ಬರುತ್ತಾ ಗಿಡ್ಡ. ಅದಕ್ಕೇ ಕ್ರಿಸ್‌ಮಸ್ ಮರದ ತ್ರಿಕೋನ ಕಾಣುತ್ತದೆ. ನನ್ನದರ ಕವಲುಗಳು ಬೇಕಾಬಿಟ್ಟಿ ದಿಕ್ಕಿಗೆ ಚಾಚಿದ್ದವು. ಮೇಲ್ಮುಖವಾಗಿ ತಿರುಚಿಕೊಂಡು ಬೆಳೆದರೆ ಫ್ಲೇಮ್ ಮಾಸ್, ತುದಿ ಕೆಳಕ್ಕೆ ಇಳಿಬಿದ್ದರೆ ವೀಪಿಂಗ್ ಮಾಸ್. ಎಲೆಗಳು ಹಕ್ಕಿಯ ಗರಿಯಂತೆ ಎರಡೇ ಸಾಲಿನಲ್ಲಿದ್ದರೆ ಫಿಸಿಡೆನ್ಸ್. ಆದರೆ ಬೆಳಕು, ನೀರು ಬದಲಾದಂತೆ ಆಕಾರವೂ ಬದಲಾಗುತ್ತದೆ. ಬರೀ ಕಣ್ಣನ್ನು ನಂಬಿ ತೀರ್ಮಾನಿಸುವಂತಿಲ್ಲ.

ಮರುದಿನ ಓದಿದ ಕಾಲೇಜಿಗೆ ಹೋದೆ. ಆ ಹುಡುಗನೇ ಗೆಳೆಯನ ತೊಟ್ಟಿಯಿಂದ ಅಸಲಿ ಕ್ರಿಸ್‌ಮಸ್ ಮಾಸ್ ತಂದಿದ್ದ. ಬಾಟನಿ ಮೇಡಂ ಎರಡರ ಒಂದೊಂದು ಎಲೆ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಅವನದರಲ್ಲಿ ಜೀವಕೋಶಗಳು ಗಿಡ್ಡ, ಅಗಲ. ಜೇನುಗೂಡಿನ ಕಣ್ಣುಗಳನ್ನು ಸ್ವಲ್ಪ ಎಳೆದಂತೆ. ನನ್ನದರಲ್ಲಿ ಉದ್ದ, ತೆಳ್ಳಗೆ, ಹುಳುಗಳಂತೆ. ‘ಅವನದು ವೆಸಿಕುಲೇರಿಯಾ. ನಿನ್ನದು ಟ್ಯಾಕ್ಸಿಫಿಲಂ. ಕುಲವೇ ಬೇರೆ ಕಣಪ್ಪ’ ಎಂದರು. ನನ್ನ ಮುಖ ನೋಡಿ ಇನ್ನೊಂದು ಮಾತು ಸೇರಿಸಿದರು. ಜಾವಾ ಮಾಸ್‌ ಅನ್ನೇ ಅಕ್ವೇರಿಯಂ ಲೋಕ ಬಹಳ ವರ್ಷ ‘ವೆಸಿಕುಲೇರಿಯಾ ಡುಬಿಯಾನಾ’ ಎಂದು ತಪ್ಪಾಗಿ ಕರೆದಿತ್ತಂತೆ. ಆ ಹೆಸರು ನಿಜವಾಗಿ ಸೇರಬೇಕಾದ್ದು ಸಿಂಗಪುರ ಮಾಸ್‌ಗೆ.

ತಪ್ಪಿದವನು ನಾನೊಬ್ಬನೇ ಅಲ್ಲ ಎಂಬ ಸಮಾಧಾನವೇನೋ ಆಯಿತು. ಆದರೆ ದುಡ್ಡು ತೆಗೆದುಕೊಂಡವನು ನಾನೇ ತಾನೇ? 11 ಜನರಿಗೂ ಫೋನ್ ಮಾಡಿದೆ. ಇಬ್ಬರು ‘ಇರ್ಲಿ ಬಿಡಿ, ಚೆನ್ನಾಗೇ ಬೆಳೀತಿದೆ’ ಎಂದರು. ಉಳಿದ ಒಂಬತ್ತು ಜನರಿಗೆ ಒಟ್ಟು 1,800 ರೂಪಾಯಿ ಹಿಂತಿರುಗಿಸಿದೆ. ಆ ಸಲದ ಪರೀಕ್ಷೆ ಶುಲ್ಕವನ್ನು ಅಮ್ಮನ ಹತ್ತಿರವೇ ಕೇಳಬೇಕಾಯಿತು. ಕಾರಣ ಹೇಳಿದೆ. ಅಮ್ಮ ಏನೂ ಅನ್ನದೆ ದುಡ್ಡು ಎಣಿಸಿ ಕೊಟ್ಟರು.

ಕೆಲಸ ಇನ್ನೂ ಸಿಕ್ಕಿಲ್ಲ. ಓದು ನಡೆದಿದೆ, ಮಾರಾಟವೂ ನಡೆದಿದೆ. ಭದ್ರಾವತಿಯ ಹುಡುಗ ಈಗ ಖಾಯಂ ಗಿರಾಕಿ. ಹೊಸ ಮಾಸ್ ಬಂದರೆ ಎರಡು ತಿಂಗಳು ಬೇರೆ ಡಬ್ಬಿಯಲ್ಲಿ ಬೆಳೆಸಿ, ಹೊಸ ಚಿಗುರು ನೋಡಿ, ಮೇಡಂ ಹತ್ತಿರ ಎಲೆ ತೋರಿಸಿಯೇ ಚೀಟಿ ಅಂಟಿಸುತ್ತೇನೆ. ಅನುಮಾನವಿದ್ದರೆ ‘ಹೆಸರು ಖಚಿತವಿಲ್ಲ’ ಎಂದು ಬರೆಯುತ್ತೇನೆ. ಅದನ್ನೂ ಕೊಳ್ಳುವವರಿದ್ದಾರೆ.

ಮೊನ್ನೆ ನೀರು ಬದಲಿಸುತ್ತಿದ್ದಾಗ ಅಮ್ಮ ಪಕ್ಕ ಬಂದು ನಿಂತು ಕೇಳಿದರು: ‘ಇದು ಯಾವ್ದೋ, ಜಾವಾನಾ?’