ಬ್ರಯರ್ ಮರ, ಗಂಧಕದ ರಬ್ಬರು: ಹಳೆಯ ಪೈಪಿನ ಶುದ್ಧೀಕರಣದ ರಸಾಯನ

ಒಬ್ಬರು ಬಳಸಿ ಬಿಟ್ಟ ತಂಬಾಕಿನ ಪೈಪನ್ನು ಶುಚಿಗೊಳಿಸುವುದೆಂದರೆ ತೊಳೆದು ಒರೆಸಿಡುವ ಕೆಲಸವಲ್ಲ. ತಂಬಾಕು ಉರಿಯುವ ಬಟ್ಟಲು ಮತ್ತು ಅದಕ್ಕೆ ಹೊಂದಿಕೊಂಡ ಕತ್ತು ಮರದವು. ಹಲ್ಲುಗಳ ನಡುವೆ ಹಿಡಿಯುವ ಬಾಯಿಕೊಳವೆಯು ಹಳೆಯ ಪೈಪುಗಳಲ್ಲಿ ಹೆಚ್ಚಾಗಿ ಎಬೊನೈಟಿನದು, ಅಂದರೆ ಧಾರಾಳವಾಗಿ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿನದು. ಈ ಎರಡು ವಸ್ತುಗಳು ಹಳತಾಗುವ ಬಗೆಯೂ ಅವಕ್ಕೆ ಅಂಟುವ ಕೊಳೆಯೂ ಬೇರೆಬೇರೆಯಾದ್ದರಿಂದ, ಒಂದಕ್ಕೆ ಒಗ್ಗುವ ಉಪಚಾರ ಇನ್ನೊಂದನ್ನು ಕೆಡಿಸಬಲ್ಲದು.

ಪೈಪಿಗೆ ಬಳಸುವ ಬ್ರಯರ್ ಎಂಬುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯ ಎಂಬ ಪೊದೆಯ ಬುಡದ ಗಂಟು. ಕಾಳ್ಗಿಚ್ಚು ಹಾದುಹೋದ ಮೇಲೂ ಮತ್ತೆ ಚಿಗುರಲು ಬೇಕಾದ ಮೊಗ್ಗುಗಳನ್ನೂ ಆಹಾರವನ್ನೂ ಆ ಗಿಡ ಈ ಗಂಟಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಗಂಟಿನ ನಾರು ದಟ್ಟವಾಗಿ ಸುತ್ತಿಕೊಂಡಿರುವುದರಿಂದ ಅದು ಕೆಂಡದ ಕಾವನ್ನು ತಡೆದುಕೊಳ್ಳುತ್ತದೆ. 1850ರ ದಶಕದಿಂದ ಫ್ರಾನ್ಸಿನ ಜೂರಾ ಪರ್ವತಸೀಮೆಯ ಸೇಂಟ್-ಕ್ಲೋಡ್ ಪಟ್ಟಣ ಈ ಕಸುಬಿನ ನೆಲೆಯಾಯಿತು. ಅಗೆದು ತಂದ ಗಂಟನ್ನು ತುಂಡರಿಸಿ, ಗಂಟೆಗಟ್ಟಲೆ ಕುದಿಸಿ ಒಗರು ರಸವನ್ನು ತೆಗೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿದ ನಂತರವೇ ಕೊರೆಯುವ ಕೆಲಸ ಆರಂಭವಾಗುತ್ತದೆ. ಎಷ್ಟೇ ದಟ್ಟವಾದರೂ ಮರ ಮರವೇ: ಅದರ ಸೂಕ್ಷ್ಮರಂಧ್ರಗಳಿಗೆ ವರ್ಷಗಳ ಹೊಗೆಯ ಟಾರು ಇಳಿದಿರುತ್ತದೆ.

ಮೊದಲು ಬಾಯಿಕೊಳವೆಯನ್ನು ಕತ್ತಿನಿಂದ ಬಿಡಿಸಬೇಕು. ಕೀಲಿನಲ್ಲಿ ಟಾರು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಬಲವಂತವಾಗಿ ತಿರುಗಿಸಿದಾಗ ಮುರಿಯುವುದು ಸಾಮಾನ್ಯವಾಗಿ ಕತ್ತೇ. ಅಂಥ ಪೈಪನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಡುವುದು ಒಳ್ಳೆಯ ಉಪಾಯ. ತಣ್ಣಗಾದಾಗ ಎಬೊನೈಟ್ ಮರಕ್ಕಿಂತ ಹೆಚ್ಚು ಕುಗ್ಗುವುದರಿಂದ ಕೀಲು ತಾನಾಗಿ ಸಡಿಲಗೊಳ್ಳುತ್ತದೆ.

ಬಟ್ಟಲಿನ ಒಳಗೋಡೆಗೆ ಇದ್ದಿಲಿನ ಪದರವೊಂದು ಕಟ್ಟಿಕೊಂಡಿರುತ್ತದೆ. ತೆಳುವಾಗಿದ್ದಾಗ ಅದು ಮರವನ್ನು ಬೆಂಕಿಯಿಂದ ಕಾಪಾಡುತ್ತದೆ. ದಪ್ಪಗಾದರೆ, ಕಾದಾಗ ಮರ ಹಿಗ್ಗುವ ಪ್ರಮಾಣಕ್ಕೂ ಇದ್ದಿಲು ಹಿಗ್ಗುವ ಪ್ರಮಾಣಕ್ಕೂ ಹೊಂದದೆ ಬಟ್ಟಲೇ ಸೀಳುತ್ತದೆ. ಆದ್ದರಿಂದ ಬೇರೆಯವರ ಪೈಪಿನ ಪದರವನ್ನು ಮರ ಕಾಣುವವರೆಗೆ ನಿಧಾನವಾಗಿ ಹೆರೆದು, ಅದರಡಿಯಲ್ಲಿ ಬಿರುಕು ಇದೆಯೇ, ಮರ ಸುಟ್ಟು ಮೆತ್ತಗಾಗಿದೆಯೇ ಎಂದು ನೋಡುವುದು ವಿವೇಕ.

ಮರದೊಳಗೆ ಇಂಗಿದ ಟಾರನ್ನು ಹೊರಗೆಳೆಯುವ ವಿಧಾನ ಈ ಇಡೀ ಕೆಲಸದ ಅತ್ಯಂತ ಸೊಗಸಾದ ಭಾಗ. ಬಟ್ಟಲಿಗೆ ಹತ್ತಿ ತುಂಬಿ, ಕತ್ತಿನ ರಂಧ್ರಕ್ಕೆ ಹತ್ತಿಯ ಬತ್ತಿಯೊಂದನ್ನು ತೂರಿಸಿ, ಹತ್ತಿ ನೆನೆಯುವಷ್ಟು ಐಸೊಪ್ರೊಪೈಲ್ ಆಲ್ಕೊಹಾಲನ್ನು ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ಇಡಲಾಗುತ್ತದೆ. ಆಲ್ಕೊಹಾಲು ಮರದ ರಂಧ್ರಗಳಿಗೆ ಇಳಿದು, ನೀರಿಗೆ ಕರಗದ ರಾಳಗಳನ್ನೂ ಫೀನಾಲುಗಳನ್ನೂ ಕರಗಿಸಿಕೊಳ್ಳುತ್ತದೆ. ಹತ್ತಿಯ ತೆರೆದ ಮೇಲ್ಮೈಯಿಂದ ಆಲ್ಕೊಹಾಲು ಆವಿಯಾಗುತ್ತಿದ್ದಂತೆ, ಸಪೂರ ರಂಧ್ರಗಳಲ್ಲಿ ದ್ರವ ತಾನಾಗಿ ಏರುವ ಲೋಮನಾಳ ಕ್ರಿಯೆಯಿಂದ ಮರದೊಳಗಿನ ದ್ರಾವಣ ಹೊರಕ್ಕೆ ಹರಿದುಬರುತ್ತದೆ. ಆವಿಯಾಗಲಾರದ ಟಾರು ಹತ್ತಿಯಲ್ಲೇ ಉಳಿದು, ಬಿಳಿಯ ಹತ್ತಿ ಬೆಳಗಿನ ವೇಳೆಗೆ ಕಾಫಿಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ದೇವಾಲಯಗಳ ಕಲ್ಲಿನಿಂದ ಲವಣವನ್ನು ಹೀರಿ ತೆಗೆಯಲು ಸಂರಕ್ಷಣಾ ತಜ್ಞರು ಗೋಡೆಗೆ ಮೆತ್ತುವ ಒದ್ದೆ ಕಾಗದದ ಲೇಪವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಹತ್ತಿಯ ಬದಲು ಅಡುಗೆ ಉಪ್ಪು ತುಂಬುವ ರೂಢಿಯೂ ಇದೆ. ಆದರೆ ಆಲ್ಕೊಹಾಲಿನಲ್ಲಿ ನೀರಿನಂಶವಿದ್ದರೆ ಉಪ್ಪು ಕರಗಿ ಮರದೊಳಗೆ ಸೇರಿ, ಒಣಗುವಾಗ ಹರಳುಗಟ್ಟಿ ನಾರನ್ನು ಸೀಳುವ ಅಪಾಯವಿರುವುದರಿಂದ ಹತ್ತಿಯೇ ಲೇಸು. ಕ್ರಿಮಿನಾಶಕ್ಕೆ ಶೇ 70ರ ಆಲ್ಕೊಹಾಲು ಉತ್ತಮವಾದರೂ, ಇಲ್ಲಿ ಮರವನ್ನು ಉಬ್ಬಿಸುವ ನೀರು ಕಡಿಮೆಯಿರುವ ಗಾಢ ಆಲ್ಕೊಹಾಲೇ ಬೇಕು. ಗಾಳಿಯಾಡುವ ಜಾಗ, ಬೆಂಕಿಯಿಂದ ದೂರ, ಕೈಗೆ ಗವಸು, ಇವು ಕಡ್ಡಾಯ. ಆ ಕಂದು ದ್ರವದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ.

ಬಾಯಿಕೊಳವೆಯ ಕಥೆ ಬೇರೆ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಗಂಧಕದ ಪರಮಾಣುಗಳು ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಸೇತುವೆ ಕಟ್ಟುತ್ತವೆ. ಸೇತುವೆಗಳು ವಿರಳವಾಗಿದ್ದರೆ ಹಿಗ್ಗುವ ರಬ್ಬರು, ಗಂಧಕದ ಪಾಲು ಶೇ 30ರ ಆಸುಪಾಸಿಗೆ ಏರಿದರೆ ಕಡೆದು ಹೊಳಪು ಕೊಡಬಹುದಾದ ಕಪ್ಪು ಎಬೊನೈಟ್. ಬೆಳಕು, ಆಮ್ಲಜನಕ, ತೇವ ಮೂರೂ ಸೇರಿದಾಗ ಮೇಲ್ಪದರದ ಈ ಬಂಧಗಳು ಮುರಿದು, ಗಂಧಕದ ಸಂಯುಕ್ತಗಳೂ ಅತ್ಯಲ್ಪ ಪ್ರಮಾಣದ ಗಂಧಕಾಮ್ಲವೂ ಹೊರಬರುತ್ತವೆ. ಹಳೆಯ ಪೈಪಿನ ಹಸಿರುಮಿಶ್ರಿತ ಕಂದುಬಣ್ಣಕ್ಕೂ ನಾಲಿಗೆಗೆ ತಟ್ಟುವ ಕಹಿಗೂ ಇದೇ ಕಾರಣ. ಹಳೆಯ ಎಬೊನೈಟ್ ಶಾಯಿ ಪೆನ್ನುಗಳು ಕಂದುಗಟ್ಟುವುದೂ ಹೀಗೆಯೇ.

ಬಣ್ಣಗೆಟ್ಟ ಈ ಪದರ ಕೊಳೆಯಲ್ಲ, ರೂಪ ಬದಲಿಸಿಕೊಂಡ ಎಬೊನೈಟೇ ಎಂಬುದನ್ನು ಮರೆತಾಗ ಅನಾಹುತವಾಗುತ್ತದೆ. ಬ್ಲೀಚಿನಲ್ಲಿ ಮುಳುಗಿಸಿದರೆ ಕಂದುಬಣ್ಣ ಹೋಗುತ್ತದೆ, ಆದರೆ ಮೈ ತರಿತರಿಯಾಗುತ್ತದೆ. ಬಿಸಿನೀರಿಗೆ ಹಾಕಿದರೆ ಬಣ್ಣ ಇನ್ನಷ್ಟು ಕೆಡುತ್ತದೆ. ತರಿಯ ಸಂಖ್ಯೆ (ಗ್ರಿಟ್) 400ರಿಂದ 2000ದವರೆಗಿನ ಮರಳು ಕಾಗದವನ್ನು ಒಂದಾದ ಮೇಲೊಂದರಂತೆ ನೀರಿನಲ್ಲಿ ಅದ್ದಿ ಉಜ್ಜುತ್ತ ಆ ಪದರವನ್ನಷ್ಟೇ ತೆಗೆಯುವುದು ಶ್ರಮದ ದಾರಿ, ಆದರೆ ಸರಿಯಾದ ದಾರಿ. ಹಲ್ಲಿನ ಗುರುತುಗಳನ್ನು ಮಾತ್ರ ಉಜ್ಜಿ ತೆಗೆಯಬೇಕಾಗಿಲ್ಲ. ಗಂಧಕದ ಸೇತುವೆಗಳು ಹಾಗೆಯೇ ಉಳಿದಿರುವುದರಿಂದ, ಮೆಲ್ಲಗೆ ಒಣಶಾಖ ಕೊಟ್ಟಾಗ ಅಣುಸರಪಳಿಗಳು ಸಡಿಲಗೊಂಡು ತಮ್ಮ ಮೊದಲ ಆಕಾರಕ್ಕೆ ಮರಳಿ, ತಗ್ಗು ಕಣ್ಣೆದುರಿಗೇ ಮೇಲೇಳುತ್ತದೆ.

ಮರದ ಹೊರಮೈಗೆ ಒದ್ದೆಬಟ್ಟೆಯ ಒರಸು ಮತ್ತು ಬ್ರೆಜಿಲ್ಲಿನ ತಾಳೆಯೊಂದರ ಎಲೆಯಿಂದ ಬರುವ, 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಕಾರ್ನೌಬಾ ಮೇಣದ ತೆಳುಲೇಪ ಸಾಕು. ಕತ್ತಿನ ಮೇಲೆ ಒತ್ತಿದ ತಯಾರಕರ ಮುದ್ರೆ ಕೂದಲೆಳೆಯಷ್ಟೇ ಆಳವಿರುವುದರಿಂದ ಅಲ್ಲಿ ಮರಳು ಕಾಗದ ಮುಟ್ಟಲೇಬಾರದು. ಮುದ್ರೆ ಅಳಿದರೆ ಪೈಪಿನ ಊರು, ಕಾಲ ಎರಡೂ ಅಳಿದಂತೆ. ಐನ್‌ಸ್ಟೈನರ ಪೈಪೊಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯದಲ್ಲಿದೆ; ಅದರ ಬಾಯಿಕೊಳವೆಯಲ್ಲಿ ಅವರ ಹಲ್ಲುಗಳು ಕೊರೆದ ತೂತು ಹಾಗೆಯೇ ಇದೆ. ಅದನ್ನು ಮುಚ್ಚಿದ್ದರೆ ಉಳಿಯುತ್ತಿದ್ದುದು ಯಾರದೋ ಒಂದು ಪೈಪು.

ಈ ಉಪಚಾರ ಹಿಂದಿನವರು ಉಳಿಸಿಹೋದ ಟಾರನ್ನು ತೆಗೆಯುತ್ತದೆಯೇ ಹೊರತು ತಂಬಾಕಿನ ಅಪಾಯವನ್ನಲ್ಲ. ಬಾಯಿ, ಗಂಟಲು ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಪೈಪಿನ ಹೊಗೆಯೂ ಕಾರಣವೆಂಬುದು ಸಿದ್ಧಪಟ್ಟ ಸಂಗತಿ. ಸಂಗ್ರಹಕ್ಕೆಂದು ಇಡುವ ಪೈಪಿಗೆ ಕತ್ತಲೆಯ ಒಣಜಾಗ ಬೇಕು, ಬಿಸಿಲು ಬೀಳುವ ಗಾಜಿನ ಕಪಾಟಲ್ಲ. ಎಬೊನೈಟ್ ನಿಧಾನವಾಗಿ ಬಿಡುವ ಗಂಧಕದ ಅನಿಲ ಬೆಳ್ಳಿಯನ್ನು ಕಪ್ಪಾಗಿಸುವುದರಿಂದ, ಕತ್ತಿಗೆ ಬೆಳ್ಳಿಪಟ್ಟಿಯಿರುವ ಪೈಪನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡದೆ ಗಾಳಿಯಾಡುವಂತೆ ಇಡಬೇಕು.