ಹಳೆಯ ಡೀಸೆಲ್ ವೆಲ್ಡಿಂಗ್ ಯಂತ್ರವನ್ನು ಕೊಳ್ಳುವ ಮುನ್ನ

ಹೊಲದ ನಡುವೆ ಕೊಳವೆಬಾವಿಯ ಕೇಸಿಂಗ್ ಪೈಪನ್ನು ಬೆಸೆಯುವುದಕ್ಕೂ, ಕರೆಂಟಿಲ್ಲದ ಎಡೆಯಲ್ಲಿ ಮುರಿದ ನೇಗಿಲನ್ನು ಸರಿಪಡಿಸುವುದಕ್ಕೂ ಡೀಸೆಲ್ ವೆಲ್ಡಿಂಗ್ ಯಂತ್ರವು ಬಹಳ ಉಪಯುಕ್ತವಾದುದು. ಹೊಸದರ ಬೆಲೆಯು ಅನೇಕರ ಕೈಗೆ ನಿಲುಕದು. ಆದುದರಿಂದ ಮನೆಯ ಒಡವೆಯನ್ನು ಒತ್ತೆಯಿಟ್ಟಾದರೂ ಹಳೆಯದೊಂದನ್ನು ಕೊಂಡು ಕಸುಬನ್ನಾರಂಭಿಸುವ ತರುಣರುಂಟು. ಅಂತಹ ಮನೆಗಳಿಗೆ ನೆರವಾಗಲೆಂದು ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ಇದು ವಸ್ತುತಃ ಎರಡು ಯಂತ್ರಗಳ ಜೋಡಣೆ: ಒಂದು ಡೀಸೆಲ್ ಎಂಜಿನ್ನು, ಇನ್ನೊಂದು ಅದು ತಿರುಗಿಸುವ ಜನರೇಟರು. ಒಂದು ಚೆನ್ನಾಗಿ ಓಡಿದ ಮಾತ್ರಕ್ಕೆ ಇನ್ನೊಂದು ಸರಿಯಾಗಿರುವುದೆಂದು ನಂಬಲಾಗದು. ಹೊಸದಾಗಿ ಬಳಿದ ಬಣ್ಣವನ್ನಂತೂ ನಂಬಲೇಕೂಡದು.

ಮೊದಲು ಎಂಜಿನ್ನಿನ ಮೈಯನ್ನು ಮುಟ್ಟಿ ನೋಡತಕ್ಕುದು. ಸವೆದ ಎಂಜಿನ್ನು ತಣ್ಣಗಿರುವಾಗಲೇ ತನ್ನ ದೋಷವನ್ನು ಹೊರಗೆಡಹುವುದು. ಮೈ ಬೆಚ್ಚಗಿದ್ದರೆ, ಮಾರುವವರು ಆಗಲೇ ಅದನ್ನು ಓಡಿಸಿರುವರೆಂದು ತಿಳಿದು, ಮರುದಿನ ಬೆಳಿಗ್ಗೆ ಬರುವುದೇ ಜಾಣತನ. ಓಡಿಸುವ ಮುನ್ನ ಎಂಜಿನ್ ಆಯಿಲಿನ ಅಳತೆಕಡ್ಡಿಯನ್ನು ಎಳೆದು ನೋಡಬೇಕು. ಆಯಿಲಿಗೆ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಅದರಲ್ಲಿ ನೀರು ಸೇರಿರುವುದು. ಹೊರಟ ಕ್ಷಣದಲ್ಲಿ ತುಸು ಹೊಗೆ ಬಂದರೆ ಭಯವಿಲ್ಲ. ಬಿಸಿಯೇರಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ನು ಆಯಿಲನ್ನು ಸುಡುತ್ತಿರುವುದು. ಪಿಸ್ಟನ್ ರಿಂಗುಗಳು ಸವೆದಿರಬಹುದು.

ಬಳಿಕ ಜನರೇಟರು. ಕಾರ್ಬನ್ ಬ್ರಷ್ಷುಗಳುಳ್ಳ ಮಾದರಿಯಾದರೆ ಎಂಜಿನ್ನನ್ನು ನಿಲ್ಲಿಸಿ, ಮುಚ್ಚಳ ತೆಗೆದು, ಕಮ್ಯುಟೇಟರನ್ನು ಪರೀಕ್ಷಿಸಬೇಕು. ನಯವಾದ ಕಂದುಬಣ್ಣವು ಒಳ್ಳೆಯ ಲಕ್ಷಣ. ಆಳವಾದ ಗೀರುಗಳೂ ಸುಟ್ಟ ಕಲೆಗಳೂ ಕೆಟ್ಟ ಲಕ್ಷಣ. ಬ್ರಷ್ಷನ್ನು ಬದಲಾಯಿಸುವ ವೆಚ್ಚ ಅಲ್ಪ. ವೈಂಡಿಂಗು ಸುಟ್ಟಿದ್ದರೆ ಅದನ್ನು ಹೊಸದಾಗಿ ಸುತ್ತಿಸುವ ಖರ್ಚು ಉಳಿತಾಯವನ್ನೆಲ್ಲ ನುಂಗಿಬಿಡುವುದು.

ಆದರೆ ನಿಜವಾದ ಪರೀಕ್ಷೆಯೆಂದರೆ ಬೆಸುಗೆಯೇ. ಪಳಗಿದ ವೆಲ್ಡರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರು 3.15 ಮಿ.ಮೀ. ರಾಡಿನಿಂದ ಸುಮಾರು 110 ಆಂಪಿಯರಿನಲ್ಲಿಯೂ, ಅನಂತರ 4 ಮಿ.ಮೀ. ರಾಡಿನಿಂದ ಸುಮಾರು 160 ಆಂಪಿಯರಿನಲ್ಲಿಯೂ ಬೆಸೆಯಲಿ. ಒಂದೆರಡು ರಾಡುಗಳಿಗೆ ತೃಪ್ತರಾಗಬಾರದು. ಯಂತ್ರದ ಫಲಕದಲ್ಲಿ ಡ್ಯೂಟಿ ಸೈಕಲ್ ಶೇಕಡಾ 60 ಎಂದಿದ್ದರೆ, ಅಲ್ಲಿ ಬರೆದ ಆಂಪಿಯರಿನಲ್ಲಿ ಅದು 10 ನಿಮಿಷಗಳಲ್ಲಿ 6 ನಿಮಿಷ ದುಡಿಯಬಲ್ಲುದೆಂದು ಅರ್ಥ. ಆ ಮಿತಿಯೊಳಗೆ ಅರ್ಧ ಗಂಟೆಯಾದರೂ ದುಡಿಸಿ ನೋಡಬೇಕು. ಆರ್ಕು ನಡುಗದೆ, ಎಂಜಿನ್ನು ಏದುಸಿರು ಬಿಡದೆ, ಸುಟ್ಟ ವಾಸನೆ ಬಾರದೆ ಇದ್ದರೆ ಆಗ ಬೆಲೆಯ ಮಾತನ್ನು ಎತ್ತಬಹುದು. ಪರೀಕ್ಷೆಯೆಲ್ಲ ಬಯಲಿನಲ್ಲಿಯೇ ನಡೆಯಲಿ. ಮುಚ್ಚಿದ ಕೋಣೆಯಲ್ಲಿ ಡೀಸೆಲ್ ಹೊಗೆಯು ಪ್ರಾಣಾಪಾಯಕರ.

ಇಷ್ಟು ಪರೀಕ್ಷೆಗೆ ಒಪ್ಪದವರೊಡನೆ ವ್ಯವಹಾರವೇ ಬೇಡ. ಒಂದು ದಿನ ತಡವಾದರೆ ನಷ್ಟವಿಲ್ಲ. ಒತ್ತೆಯಿಟ್ಟ ಒಡವೆಯು ಮನೆಗೆ ಹಿಂದಿರುಗುವುದು ಮುಖ್ಯ.